ಗಣರಾಜ್ಯದಲ್ಲೊಂದು ಪಟ್ಟಾಭಿಷೇಕ

1776ರಲ್ಲಿ ಇಂಗ್ಲೆಂಡಿನ ದೊರೆಗೆ ‘ನಿನ್ನ ಸಹವಾಸ ಸಾಕು’ ಎಂದು ಕೈಮುಗಿದ ಅಮೆರಿಕ, ಸೆಪ್ಟೆಂಬರ್ ಬಂತೆಂದರೆ ಊರೂರಿನಲ್ಲೂ ರಾಜರಾಣಿಯರನ್ನು ಆರಿಸಲು ಕೂರುತ್ತದೆ. ರಾಜ್ಯ ಹೈಸ್ಕೂಲು, ಕಿರೀಟ ಪ್ಲಾಸ್ಟಿಕ್ಕು. ಶುಕ್ರವಾರದ ಫುಟ್‌ಬಾಲ್ ಪಂದ್ಯದ ವಿರಾಮದಲ್ಲಿ ಪಟ್ಟ, ಶನಿವಾರ ರಾತ್ರಿ ಡಾನ್ಸು, ಸೋಮವಾರ ಮಹಾರಾಜರಿಗೆ ಗಣಿತದ ಟೆಸ್ಟು. ಇದು ಹೋಮ್‌ಕಮಿಂಗ್.

ಹಳೆಯ ವಿದ್ಯಾರ್ಥಿಗಳನ್ನು ಪಂದ್ಯ ನೋಡಲು ಕರೆಸುವ ಈ ಪದ್ಧತಿ ಕಾಲೇಜುಗಳಲ್ಲಿ ಹುಟ್ಟಿದ್ದು. ಮೊದಲು ಮಾಡಿದವರು ನಾವೇ ಎಂದು ಬೇಲರ್ ವಿಶ್ವವಿದ್ಯಾಲಯ 1909ನ್ನು, ಇಲಿನಾಯ್ 1910ನ್ನು, ಮಿಸೌರಿ 1911ನ್ನು ಮುಂದಿಡುತ್ತವೆ. ಕಾನ್ಸಸ್ ವಿರುದ್ಧ ಮಿಸೌರಿ ಆಡಿದ ಆ ಪಂದ್ಯ 3–3ರಲ್ಲಿ ಸಮವಾಯಿತು. ‘ಯಾರು ಮೊದಲು’ ಎಂಬ ಜಗಳವೂ ಹಾಗೆಯೇ ನಿಂತಿದೆ. ಈಗಿನ ಹೈಸ್ಕೂಲುಗಳಲ್ಲಿ ಹಳೆಯ ವಿದ್ಯಾರ್ಥಿ ಬಂದರೂ ‘ಪಾರ್ಕಿಂಗ್ ಆ ಕಡೆ’ ಎನ್ನುವವರು ಬಿಟ್ಟರೆ ಮಾತಾಡಿಸುವವರಿಲ್ಲ.

ಡಾನ್ಸಿಗೆ ಕರೆಯುವುದೇ ಒಂದು ಕಾರ್ಯಕ್ರಮ. ಹುಡುಗ ಪೋಸ್ಟರ್ ಬರೆದು, ಡೋನಟ್ ಡಬ್ಬಿ ಹಿಡಿದು ಬಾಗಿಲಲ್ಲಿ ನಿಲ್ಲಬೇಕು, ಹುಡುಗಿ ಬೆಚ್ಚಿಬೀಳಬೇಕು. ಬೆಚ್ಚಿಬೀಳುವುದು ಎಷ್ಟು ಗಂಟೆಗೆ ಎಂಬುದು ಮೊದಲೇ ನಿಶ್ಚಯವಾಗಿರುತ್ತದೆ; ಇಲ್ಲದಿದ್ದರೆ ವಿಡಿಯೊ ತೆಗೆಯುವವರು ಯಾರು? ಟೆಕ್ಸಸ್‌ನಲ್ಲಾದರೆ ಇದರ ಮೇಲೆ ಹುಡುಗಿಗೆ ಕೊಡುವ ಸೇವಂತಿಗೆಯ ಖರ್ಚು. ಹಿಂದೆ ಅದು ಎದೆಗೆ ಸಿಕ್ಕಿಸಿಕೊಳ್ಳುವ ನಿಜವಾದ ಹೂವಾಗಿತ್ತು. ಈಗ ರೇಷ್ಮೆಯ ಸೇವಂತಿಗೆ, ಮೊಣಕಾಲು ದಾಟುವ ರಿಬ್ಬನ್ನು, ಗಂಟೆ, ಕರಡಿಗೊಂಬೆ, ಮಿಣಮಿಣ ದೀಪ. ಭಾರ ತಾಳದೆ ಕೊರಳಿಗೆ ಪಟ್ಟಿ ಹಾಕಿ ತೂಗಿಸುತ್ತಾರೆ. ಬೆಲೆ ನೂರಾರು ಡಾಲರ್ ಮುಟ್ಟುವುದುಂಟು. ನಮ್ಮಲ್ಲಿ ಇಷ್ಟು ಅಲಂಕಾರ ಮಾಡುವುದು ಉತ್ಸವಮೂರ್ತಿಗೆ; ಅದನ್ನು ಹೊರಲು ನಾಲ್ವರಾದರೂ ಇರುತ್ತಾರೆ.

ಡಲ್ಲಾಸ್ ಪಕ್ಕದ ಫ್ರಿಸ್ಕೊ, ಪ್ಲೇನೊಗಳ ಕನ್ನಡದ ಮನೆಗಳಿಗೂ ಈ ಸೇವಂತಿಗೆ ಬಂದಿದೆ. ‘ಯಾರ ಜೊತೆ ಹೋಗ್ತಿದೀಯಾ ಪುಟ್ಟಿ?’ ಎಂದರೆ ‘ಗ್ರೂಪ್ ಅಪ್ಪಾ, ಬರೀ ಫ್ರೆಂಡ್ಸ್’ ಎಂಬ ಉತ್ತರ. ಆ ಗ್ರೂಪಿನಲ್ಲಿ ಎಷ್ಟು ಹುಡುಗರು ಎಂದು ಅಪ್ಪ ಕೇಳುವುದಿಲ್ಲ, ಎಷ್ಟು ಡಾಲರ್ ಎಂದಷ್ಟೇ ಕೇಳುತ್ತಾನೆ. ಇಂಜಿನಿಯರಿಂಗ್ ಓದುವಾಗ ಪಕ್ಕದ ಬೆಂಚಿನ ಹುಡುಗಿಯನ್ನು ನೋಟ್ಸ್ ಕೇಳಲೂ ಧೈರ್ಯ ಸಾಲದ ಮನುಷ್ಯ ಈಗ ಪಾರ್ಕಿನಲ್ಲಿ ನಿಂತು ‘ಇನ್ನೂ ಸ್ವಲ್ಪ ಹತ್ತಿರ ಬನ್ನಿ’ ಎಂದು ಫೋಟೊ ತೆಗೆಯುತ್ತಾನೆ.

ಇಷ್ಟಕ್ಕೂ ರಾಜನಾಗಲು ಅರ್ಹತೆ ಏನು? ಹಾಡಬೇಕಿಲ್ಲ, ಓದಬೇಕಿಲ್ಲ, ಕುಣಿಯಲೂ ಬರಬೇಕಿಲ್ಲ. ನಾಲ್ಕು ಜನಕ್ಕೆ ಬೇಕಾದವನಾಗಿದ್ದರೆ ಆಯಿತು. ಉಳಿದದ್ದನ್ನು ಮತಪತ್ರ ನೋಡಿಕೊಳ್ಳುತ್ತದೆ.

ಏನಾದರೂ ಬರುವವರಿಗೆಂದೇ ಅದೇ ಶಾಲೆಯಲ್ಲಿ ಟ್ಯಾಲೆಂಟ್ ಶೋ ಇದೆ. ಅಲ್ಲಿ ನ್ಯಾಯವೇ ಬೇರೆ. ಹತ್ತು ವರ್ಷ ಭರತನಾಟ್ಯ ಕಲಿತು, ಬೆಂಗಳೂರಿನಿಂದ ಮೃದಂಗದವರನ್ನು ಕರೆಸಿ ರಂಗಪ್ರವೇಶ ಮಾಡಿದ ಹುಡುಗಿಗೆ ಸಿಗುವುದು ಮೂರು ನಿಮಿಷ. ಅಷ್ಟರಲ್ಲಿ ವರ್ಣ ಮುಗಿಸಲಾಗದೆ ಅವಳು ತಿಲ್ಲಾನದ ಬಾಲ ಹಿಡಿದು ಓಡುತ್ತಾಳೆ. ಅವಳ ಹಿಂದೆಯೇ ರೂಬಿಕ್ಸ್ ಕ್ಯೂಬ್ ಬಿಡಿಸುವವನು, ಅವನ ಹಿಂದೆ ರೆಕಾರ್ಡಿಗೆ ತುಟಿ ಆಡಿಸುವ ಮೇಷ್ಟ್ರುಗಳು. ಅತಿ ಜೋರು ಚಪ್ಪಾಳೆ ಮೇಷ್ಟ್ರುಗಳಿಗೇ. ಎಷ್ಟೋ ಶಾಲೆಗಳಲ್ಲಿ ಬಹುಮಾನವನ್ನೇ ಇಟ್ಟಿರುವುದಿಲ್ಲ: ಹೋಲಿಸಿದರೆ ಮಕ್ಕಳ ಮನಸ್ಸಿಗೆ ನೋವಾಗುತ್ತದಂತೆ, ಎಲ್ಲರೂ ಗೆದ್ದವರೇ ಅಂತೆ. ಹೋಮ್‌ಕಮಿಂಗ್‌ನಲ್ಲಿ ಸೋತವರನ್ನು ಇಡೀ ಊರಿನ ಮುಂದೆ ಸಾಲಾಗಿ ನಿಲ್ಲಿಸುವಾಗ ಮಾತ್ರ ಈ ಮನಸ್ಸು ಎಲ್ಲಿ ರಜೆ ಹಾಕಿರುತ್ತದೋ!

ಆದರೂ ಶಾಲೆ ಏನೂ ಕಲಿಸುತ್ತಿಲ್ಲ ಎನ್ನುವ ಹಾಗಿಲ್ಲ. ಪಟ್ಟವೇರುವವರು ಬಹುಪಾಲು ಕೊನೆಯ ವರ್ಷದವರು, ಪಟ್ಟ ಕಟ್ಟುವವರು ಅದೇ ಶಾಲೆಯ ಮಕ್ಕಳು. 18 ತುಂಬಿದೊಡನೆ ದೇಶದ ಮತದಾರರು. ಕೆಲಸ ಬಲ್ಲವರಿಗೆ ಮೂರು ನಿಮಿಷದ ಚಪ್ಪಾಳೆ, ಹಲ್ಲು ಚೆನ್ನಾಗಿರುವವರಿಗೆ ಮತ ಎಂಬ ಪಾಠವನ್ನು ಅವರು ಯಾವ ಟ್ಯೂಷನ್ನೂ ಇಲ್ಲದೆ ಕಲಿತಿರುತ್ತಾರೆ. ಫಲಿತಾಂಶವನ್ನು ನಾಲ್ಕು ವರ್ಷಕ್ಕೊಮ್ಮೆ ನವೆಂಬರಿನಲ್ಲಿ ಪ್ರಕಟಿಸಲಾಗುತ್ತದೆ.