ಯುಬಿಕ್ವಿಟಸ್ ಸಾಹೇಬರ ಸಂಗಡ ಸ್ವಲ್ಪ ಹೊತ್ತು

‘ವರ್ಡ್ ಆಫ್ ದಿ ಡೇ’ ಕಾಟವನ್ನು ನಿಮಗೆ ಹೊಸದಾಗಿ ವಿವರಿಸಬೇಕಿಲ್ಲ. ಬೆಳಗಾಗೆದ್ದರೆ ಹಾಲಿನವನಿಗಿಂತ ಮೊದಲು ವಾಟ್ಸಾಪಿನಲ್ಲಿ ಅದು ಹಾಜರು. ಮಗು ಅದನ್ನು ವಾಕ್ಯದಲ್ಲಿ ಬಳಸದಿದ್ದರೆ ಅಪ್ಪನಿಗೆ ಫೋನು. ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿಗೆ ನಾನು ಹೋದದ್ದು ಬೇರೆ ಕೆಲಸಕ್ಕೆ, ಅದು ಆಮೇಲೆ. ಅಲ್ಲೊಂದು ಶಾಲೆಯ ಕರಿಹಲಗೆಯ ಮೂಲೆಯಲ್ಲಿ, ಚೌಕದೊಳಗೆ, ಬಣ್ಣದ ಸೀಮೆಸುಣ್ಣ ಮೆತ್ತಿಕೊಂಡು ಯುಬಿಕ್ವಿಟಸ್ ಸಾಹೇಬರು ಕೂತಿದ್ದರು. ಅವರು ‘ಇಂದಿನ ಪದ’ವಾಗಿ ಮೂರು ತಿಂಗಳಾಯಿತಂತೆ, ಬದಲಿಸುವವರಿಲ್ಲ. ಅಷ್ಟರಲ್ಲಿ ನಾಲಿಗೆಯೂ ಈ ಕಡೆಯದಾಗಿಬಿಟ್ಟಿದೆ.

ನಮಸ್ಕಾರ. ಆರಾಮ ಅದೀರಾ?

– ಎಲ್ಲಿ ಆರಾಮ್ರಿ! ‘ಮೊಬೈಲ್ ಫೋನ್ಸ್ ಆರ್ ಯುಬಿಕ್ವಿಟಸ್.’ ಇದೊಂದ ವಾಕ್ಯ. ಇಂಡಿ ಒಳಗ ಇದ, ಸಿಂದಗ್ಯಾಗ ಇದ, ಬಾಗೇವಾಡ್ಯಾಗೂ ಇದ. ಗೈಡ್ ಬರಿಯಾವ ಒಬ್ಬ ಯಾವಾಗೋ ಬರದ, ಉಳದವ್ರು ಝೆರಾಕ್ಸ್ ಮಾಡಿದ್ರು. ಗಾಣದ ಎತ್ತಿನಂಗ ಅದನ್ನ ಸುತ್ತಾಕತ್ತೀನಿ.

ನಿಮ್ಮ ಮನೆತನ ದೊಡ್ಡದು ಅಂತ ಕೇಳಿದ್ದೆ.

– ಲ್ಯಾಟಿನ್ ಮನಿತನ ರೀ. ‘ಉಬೀಕ್ವೆ’ ಅಂದ್ರ ಎಲ್ಲಾ ಕಡೆ. ನಮ್ಮ ಹಿರ್ಯಾಕಿ ‘ಯುಬಿಕ್ವಿಟಿ’ 16ನೇ ಶತಮಾನದ ಪಾದ್ರಿಗಳ ಜಗಳದಾಗ ಬೆಳದಾಕಿ. ಕ್ರಿಸ್ತನ ದೇಹ ಎಲ್ಲಾ ಕಡೆ ಇರತೈತೋ, ಸ್ವರ್ಗದಾಗ ಒಂದ ಕಡೆ ಇರತೈತೋ ಅಂತ ಲೂಥರನ ಕಡೆಯವ್ರು, ಕ್ಯಾಲ್ವಿನನ ಕಡೆಯವ್ರು ಹೊತ್ತಿಗಿ ಮ್ಯಾಲ ಹೊತ್ತಿಗಿ ಬರದ್ರು. ಇಂಗ್ಲೆಂಡಿನ ತೋಪಿನ ದಂಡು ‘ಉಬೀಕ್ವೆ’ ಅಂತ ಟೊಪ್ಪಿಗಿ ಬಿಲ್ಲೆ ಮ್ಯಾಲ ಕೆತ್ತಿಸಿಕೊಂತು. ಅಂಥಾ ಮನಿತನದಾವ, ಈಗ ಮೊಬೈಲ್ ಅಂಗಡಿ ಗುಮಾಸ್ತ!

ಅದಿರಲಿ, ಹಡಪ ಅಂದರೆ ಗೊತ್ತೇ?

– ಮೊಬೈಲ್ ಫೋನ್ಸ್ ಆರ್…

ಎಲೆ-ಅಡಿಕೆಯ ಚೀಲ. ಈಗ ಚಂಚಿ ಅಂತೀವಲ್ಲ, ಅದರ ಹಿರಿಯಣ್ಣ. ಕ್ಷೌರಿಕರ ಸಾಮಾನಿನ ಚೀಲಕ್ಕೂ ಅದೇ ಹೆಸರು. 12ನೇ ಶತಮಾನದಲ್ಲಿ ಬಸವಣ್ಣನ ಹಡಪ ಹಿಡಿದವನು ಹಡಪದ ಅಪ್ಪಣ್ಣ, ಅವನ ಪೀಠ ಇರುವುದು ಇದೇ ಊರಲ್ಲಿ. ನಾನು ಬಂದದ್ದೇ ಅದಕ್ಕೆ: ಆ ಪದ ಇನ್ನೂ ಯಾರ ಬಾಯಲ್ಲಾದರೂ ಉಳಿದಿದೆಯೇ ನೋಡೋಣ ಅಂತ.

– ಇದು ನನ್ನ ಸಂದರ್ಶನ ಹೌದಲ್ರಿ?

ತಪ್ಪಾಯಿತು. 2007ರಿಂದ ಸರ್ಕಾರಿ ಶಾಲೆಯಲ್ಲೂ ಒಂದನೇ ತರಗತಿಗೇ ಇಂಗ್ಲಿಷ್ ಬಂತು. 2014ರಲ್ಲಿ ಸುಪ್ರೀಂ ಕೋರ್ಟು ಮಾತೃಭಾಷೆಯ ಮಾಧ್ಯಮವನ್ನು ಹೇರುವಂತಿಲ್ಲ ಅಂದಿತು. ಈಗ ನಿಮ್ಮವರದೇ ಕಾರುಬಾರು, ಅಲ್ಲವೇ?

– ಮೊದಲ ನನಗ ಬ್ಯಾರೆ ವಾಕ್ಯ ಕೊಡ್ರಿ.

ಕನ್ನಡ ಮಾತಾಡಿದ ಮಕ್ಕಳಿಗೆ ದಂಡ ಹಾಕುವ ಶಾಲೆಗಳ ಬಗ್ಗೆ?

– ವಾಕ್ಯ ಕೊಡ್ರಿ ಅಂದೆ.

ಕೊಟ್ಟೆ, ತಗೊಳ್ಳಿ. ಕೃಷ್ಣೆಯ ಆ ದಂಡೆ ಕೂಡಲಸಂಗಮ, ಈ ದಂಡೆ ತಂಗಡಗಿ. ಸಂಗಮದಲ್ಲಿದ್ದ ಬಸವಣ್ಣ ಮಡದಿ ನೀಲಮ್ಮನನ್ನು ಕರೆತರಲು ಅಪ್ಪಣ್ಣನನ್ನು ಕಳಿಸಿದ. ಇಲ್ಲಿಯವರೆಗೆ ಬಂದ ಆಕೆ, ಆ ದಂಡೆಯ ಸಂಗಯ್ಯ ಈ ದಂಡೆಯಲ್ಲಿ ಇಲ್ಲವೇನು ಎಂಬರ್ಥದ ಒಂದು ಪ್ರಶ್ನೆ ಕೇಳಿ ಇಲ್ಲೇ ಐಕ್ಯಳಾದಳೆಂದು ಜನ ನಂಬಿದ್ದಾರೆ. ನಿಮ್ಮ ಪಾದ್ರಿಗಳಿಗಿಂತ ನಾನೂರು ವರ್ಷ ಮೊದಲು, ಅದೂ ಹೊತ್ತಿಗೆ ಬರೆಯದೆ. ಅಂದಹಾಗೆ, ಆಗ ಅಪ್ಪಣ್ಣನ ಹೆಗಲ ಮೇಲೆ ಹಡಪ…

– ನಿಲ್ರಿ. ಹಡಪ ಬಾಜೂಕ ಇಡ್ರಿ. ಇಂಥಾದ್ದು ಬಗಲಾಗ ಇಟಗೊಂಡು ಹುಡುಗೂರಿಗೆ ಮೊಬೈಲ್ ಫೋನ್ ಬಾಯಿಪಾಠ ಮಾಡಸ್ತಾರ? ಈಗ ಹೇಳೂದು ಚಾಷ್ಟಿ ಅಲ್ರಿ. ಆರನೇತ್ತೆ ಹುಡುಗಿ ಒಬ್ಬಾಕಿ, ತಾನ ವಿಚಾರ ಮಾಡಿ ಬರದಿದ್ಲು: ‘ಬಳ್ಳಾರಿ ಜಾಲಿ ಈಸ್ ಯುಬಿಕ್ವಿಟಸ್ ಇನ್ ಅವರ್ ವಿಲೇಜ್.’ ಹೊಲದ ಬದುವಿನ್ಯಾಗ ಜಾಲಿ, ಹಳ್ಳದಾಗ ಜಾಲಿ, ಸಾಲಿ ಹಿಂದ ಜಾಲಿ. ನೋಡಿದ್ದನ್ನ ಬರದ್ಲು. ಈ ಹಲಗಿ ಮ್ಯಾಲ ಕುಂತಾಗಿಂದ, ಕಣ್ಣಿಲೆ ಕಂಡು ನನ್ನ ಬಳಸಿದಾಕಿ ಅಕಿ ಒಬ್ಬಾಕಿನ. ಕೆಂಪ ಪೆನ್ನಿಲೆ ಅಡ್ಡಗೀಟ ಹೊಡದ್ರು. ಯಾಕ? ಗೈಡಿನಾಗ ಇಲ್ಲ. ಗೀಟ ಹೊಡದವ್ರಿಗೂ ಗೈಡ್ ಬಿಟ್ಟು ಹೆಜ್ಜಿ ಇಡಾಕ ಅಂಜಿಕಿ, ಅವ್ರಿಗೆ ಕಲಿಸಿದವ್ರೂ ಹಂಗ ಕಲಿಸಿದ್ರು. ಅಕಿ ಅಪ್ಪ ಗೋವಾದಾಗ ಕಾಂಕ್ರೀಟ್ ಬುಟ್ಟಿ ಹೊತ್ತು ರೊಕ್ಕ ಕಳಸ್ತಾನ, ಮಗಳು ಇಂಗ್ಲಿಷ್ ಕಲೀಲಿ ಅಂತ. ಕಲತಿದ್ಲಲ್ರಿ! ಆ ಒಂದ ವಾಕ್ಯದಾಗ ಕಲತ ಬಿಟ್ಟಿದ್ಲು! ಆವತ್ತಿನಿಂದ ಅಕಿ ಕ್ಲಾಸಿನಾಗ ಕೈ ಎತ್ತಿಲ್ಲ.

ಮುಂದಿನ ಪ್ರಶ್ನೆಗಳು ಚೀಟಿಯಲ್ಲಿದ್ದವು. ತೆಗೆಯಲು ಮನಸ್ಸಾಗಲಿಲ್ಲ. ಹಡಪ ಕೂಡ ಎರಡು ನಿಮಿಷ ಮರೆತುಹೋಗಿತ್ತು.

ಎರಡೇ ನಿಮಿಷ. ಹುಡುಗಿಯೊಬ್ಬಳು ಸೀಮೆಸುಣ್ಣ ಹಿಡಿದು ಬಂದು ಮಾಸಿದ ಸಾಹೇಬರ ಮೇಲೆ ತಿದ್ದತೊಡಗಿದಳು. ತಡೆಯಲಾಗದೆ ಕೇಳಿಯೇಬಿಟ್ಟೆ.

“ತಂಗಿ, ಹಡಪ ಅಂದ್ರ ಏನವಾ?”

“ಹಡಪದ ಅಂತ ಅಡ್ಡಹೆಸರು ಐತ್ರಿ. ನಮ್ಮ ಕ್ಲಾಸಿನಾಗ ಇಬ್ರು ಅದಾರ.”

ಚೀಲದ ಕತೆ ಹೇಳಿದೆ. ತಿದ್ದುವುದನ್ನು ನಿಲ್ಲಿಸಿ ಕೇಳಿದಳು.

“ನಮ್ಮ ಆಯಿ ಚಂಚಿ ಹಂಗೇನ್ರಿ?”

“ಹೌದವಾ, ಹಂಗ.”

“ಸೆಂಟೆನ್ಸ್ ಮಾಡ್ಲೇನ್ರಿ?” ಅಂದವಳು ಒಮ್ಮೆ ಬಾಗಿಲ ಕಡೆ ನೋಡಿ, ಮತ್ತೆ ಹಲಗೆಯತ್ತ ತಿರುಗಿದಳು.