ಬೇಕಂತಲೇ ಮಾಡಿದ್ದಾ?

ನಮ್ಮ ಶಿವಾರಪಟ್ಟಣದಲ್ಲಿ ಕೋಳಿಗಿಂತ ಮೊದಲು ಉಳಿ ಕೂಗುತ್ತದೆ. ಆ ಟಕಟಕದ ನಡುವೆ ಬ್ಯಾಸ್ಕೆಟ್‌ಬಾಲ್ ಪುರಾಣ ತೆಗೆದವನು ನನ್ನ ಅಕ್ಕನ ಮಗ. ಶಾಲೆ ಹುಡುಗರ ಪಂದ್ಯಗಳಿಗೆ ರೆಫರಿಯಾಗಿ ಹೋಗುತ್ತಾನೆ. ಮೊನ್ನೆ ಸೀಟಿ ಊದಿ ಬಂದವನು ಮುಖವನ್ನೂ ಊದಿಸಿಕೊಂಡಿದ್ದ.

"ಒಬ್ಬನಿಗೆ ಅನ್‌ಸ್ಪೋರ್ಟ್ಸ್‌ಮನ್‌ಲೈಕ್ ಫೌಲ್ ಕೊಟ್ಟೆ ಮಾಮ. 'ಅಮ್ಮನಾಣೆ ಬೇಕಂತ ಮಾಡಿಲ್ಲ ಸಾರ್' ಅಂತ ಅತ್ತುಬಿಟ್ಟ. ಅವರಪ್ಪ ಗೇಟಿನ ಹತ್ರ ನನಗೇ ಕಾಯ್ತಿದ್ರು."

ಕೃಷ್ಣಶಿಲೆಯ ಗಣಪತಿ ಮುಂದೆ ಕೂತಿದ್ದ ದೊಡ್ಡಪ್ಪ ಸುತ್ತಿಗೆ ಇಳಿಸಿದರು. "ದೇವರಿಗೆ ಕಣ್ಣು ತೆರೆಸೋ ನಮಗೇ ಮನಸ್ಸು ಕಾಣಲ್ಲ. ನಿಂಗೆ ಹೆಂಗೆ ಕಾಣಿಸ್ತೋ?"

"ಮನಸ್ಸು ನೋಡೋದೇ ಇಲ್ಲ ತಾತ. ಕೈ ಚೆಂಡಿಗೆ ಹೋಯ್ತಾ, ಮೈಗೆ ಹೋಯ್ತಾ? ಏಟು ಮಿತಿಮೀರಿತಾ? ಅಷ್ಟೇ."

ಈ ಆಟ ಹುಟ್ಟಿಸಿದ ಜೇಮ್ಸ್ ನೈಸ್ಮಿತ್‌ಗೆ ಇಷ್ಟು ಸಂಕೋಚ ಇರಲಿಲ್ಲ. 1891ರಲ್ಲಿ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಬರೆದ 13 ನಿಯಮಗಳಲ್ಲಿ ಐದನೆಯದು, ಗಾಯ ಮಾಡುವ ಉದ್ದೇಶ ಸ್ಪಷ್ಟವಾಗಿದ್ದರೆ ಆಟಗಾರ ಇಡೀ ಪಂದ್ಯಕ್ಕೆ ಹೊರಗೆ, ಬದಲಿಗೆ ಇನ್ನೊಬ್ಬನೂ ಇಲ್ಲ ಎನ್ನುತ್ತದೆ. ಮಹಾನುಭಾವರು ಧರ್ಮಶಾಸ್ತ್ರ ಓದಿದವರು. ಅಂತರಂಗವನ್ನೂ ಓದಬಹುದು ಅಂದುಕೊಂಡಿರಬೇಕು! ಅಂತರರಾಷ್ಟ್ರೀಯ ಸಂಸ್ಥೆ ಫೀಬಾದ ಪುಸ್ತಕದಲ್ಲೂ ಹಿಂದೆ 'ಉದ್ದೇಶಪೂರ್ವಕ ಫೌಲ್' ಎಂದೇ ಇತ್ತು. ಆಮೇಲೆ ಅದನ್ನು ಕೈಬಿಟ್ಟು, ಬಾಯಿ ನೋಯುವ ಈಗಿನ ಹೆಸರು ಇಟ್ಟರು. ಶಿಕ್ಷೆ ಸಾಮಾನ್ಯವಾಗಿ ಎರಡು ಫ್ರೀ ಥ್ರೋ, ಮೇಲೆ ಚೆಂಡೂ ಎದುರಾಳಿಗೇ. ಒಬ್ಬನಿಗೇ ಎರಡು ಸಲ ಬಿದ್ದರೆ ಮನೆಗೆ.

ತಮಾಷೆ ಇರುವುದು ಕೊನೇ ನಿಮಿಷದಲ್ಲಿ. ಎರಡು ಪಾಯಿಂಟ್ ಹಿಂದಿರುವ ತಂಡದ ಕೋಚ್ "ಹಿಡಿಯೋ, ಫೌಲ್ ಮಾಡೋ!" ಅಂತ ಊರಿಗೆಲ್ಲ ಕೇಳುವಂತೆ ಕಿರುಚುತ್ತಾರೆ. ಗಡಿಯಾರ ನಿಲ್ಲಲಿ, ಅವರು ಫ್ರೀ ಥ್ರೋ ತಪ್ಪಲಿ ಅನ್ನೋ ಲೆಕ್ಕ. ರೆಫರಿಯ ಕಿವಿಗೂ ಅದು ಬಿದ್ದಿರುತ್ತದೆ. ಆದರೂ ಹುಡುಗ ಚೆಂಡಿನ ಕಡೆಗೇ ಕೈ ಚಾಚಿದ್ದರೆ ಅದು ಮಾಮೂಲಿ ಫೌಲ್. ಇನ್ನೊಂದು ಕಡೆ, ಇರುವೆಗೂ ಕೆಡುಕು ಬಯಸದ ಪಾಪದವನೊಬ್ಬ ಮೊಣಕೈ ಬೀಸಿದ್ದು ಯಾರದೋ ದವಡೆಗೆ ಬಡಿದರೆ ಅವನೇ ದೊಡ್ಡ ಅಪರಾಧಿ. ಗೇಟಿನ ಹತ್ತಿರ ನಿಂತಿದ್ದ ಅಪ್ಪನಿಗೆ ಇದನ್ನೆಲ್ಲ ಬಿಡಿಸಿ ಹೇಳುವಷ್ಟರಲ್ಲಿ ನಮ್ಮ ಹುಡುಗನಿಗೆ ಕೊನೇ ಬಸ್ಸು ತಪ್ಪಿತಂತೆ.

ಅಷ್ಟರಲ್ಲಿ ಹಿಂದೆ 'ಟಣ್' ಅಂತು. ಕೆಲಸ ಕಲಿಯಲು ಬಂದಿದ್ದ ಹುಡುಗ ಗಣಪತಿಯ ದಂತ ಹಾರಿಸಿದ್ದ. ಅದೂ ಮುರಿದಿರಬೇಕಾದ ದಂತವಲ್ಲ, ಇರಬೇಕಾದದ್ದು!

"ಬೇಕಂತ ಮಾಡಿಲ್ಲ ದೊಡ್ಡಯ್ಯ..."

"ಅದು ಬಿಡು. ಉಳಿ ಕಲ್ಲಿನ ಮೇಲಿದ್ದಾಗ ಕಣ್ಣು ಎಲ್ಲಿತ್ತು?"

ಹುಡುಗ ತೊಡೆ ಮೇಲಿನ ಮೊಬೈಲ್ ಮೆಲ್ಲಗೆ ಮಗುಚಿ ಹಾಕಿದ. ದೊಡ್ಡಪ್ಪ ನಮ್ಮ ರೆಫರಿಯ ಕಡೆ ತಿರುಗಿ, "ಇದಕ್ಕೆ ಕೈ ಹೆಂಗೆ ಎತ್ತಬೇಕೋ?" ಅಂದರು. ಅವನು ಎರಡೂ ಕೈ ತಲೆ ಮೇಲೆತ್ತಿ ಒಂದು ಮಣಿಕಟ್ಟನ್ನು ಇನ್ನೊಂದು ಕೈಯಲ್ಲಿ ಹಿಡಿದು ತೋರಿಸಿದ. ದೊಡ್ಡಪ್ಪ ಹಾಗೇ ಎತ್ತಿದರು, ಸುತ್ತಿಗೆ ಸಮೇತ.

ಹುಡುಗ ಟೇಕಲ್ ರಸ್ತೆ ಹಿಡಿದು ಓಡಿದ.