ಅಜ್ಜಿಯ ಅಡ್ಡಾಟ

ಬಾಳಿನ ಪರಮೋದ್ದೇಶವನ್ನು ಅರಸುವವರು ಜಾತಕವನ್ನೋ ಗುರುಗಳನ್ನೋ ಆಶ್ರಯಿಸುವುದು ವಾಡಿಕೆಯಾದರೂ, ಅಮೆರಿಕದ ಒಹಾಯೊ ಸಂಸ್ಥಾನದ ಎಮ್ಮಾ ಗೇಟ್‌ವುಡ್ ಎಂಬ ವೃದ್ಧೆ, 11 ಮಕ್ಕಳನ್ನು ಹೆತ್ತು ಸಾಕಿ ಮೊಮ್ಮಕ್ಕಳನ್ನೂ ಕಂಡಾದ ಮೇಲೆ, 1955ರಲ್ಲಿ, ತಮ್ಮ 67ನೆಯ ವಯಸ್ಸಿನಲ್ಲಿ, ಕೊಂಚ ಅಡ್ಡಾಡಿ ಬರುವೆನೆಂದಷ್ಟೇ ಮನೆಯವರಿಗೆ ತಿಳಿಸಿ, ಜಾರ್ಜಿಯದಿಂದ ಮೇನ್ ಸಂಸ್ಥಾನದವರೆಗೆ ಮೂರು ಸಾವಿರ ಕಿಲೋಮೀಟರಿಗೂ ಮಿಗಿಲಾದ ಅಪಲೇಚಿಯನ್ ಗಿರಿಪಥವನ್ನು ಒಬ್ಬರೇ ನಡೆದು ಮುಗಿಸಿದರು. ಕಾಲಿಗೆ ಕ್ಯಾನ್‌ವಾಸ್ ಬೂಟು, ಹೆಗಲಿಗೆ ಕೈಯಾರೆ ಹೊಲಿದ ಚೀಲ, ಮಳೆಗೆ ಬಚ್ಚಲುಮನೆಯ ಪ್ಲಾಸ್ಟಿಕ್ ಪರದೆ. ಗುಡಾರದ ಗೊಡವೆಯೇ ಇಲ್ಲ! ಉದ್ಯಾನದಲ್ಲಿ ಒಂದು ಸುತ್ತು ವಾಯುವಿಹಾರ ಮಾಡಲು ನನ್ನ ಮಿತ್ರರೊಬ್ಬರು ಸಂಗ್ರಹಿಸಿರುವ ಪರಿಕರಗಳನ್ನು ಆ ತಾಯಿ ಕಂಡಿದ್ದರೆ, ಹಿಮಾಲಯಕ್ಕೆ ದಂಡಯಾತ್ರೆಯೆಂದೇ ಭಾವಿಸುತ್ತಿದ್ದರು. ಇಂಥ ಪಥವನ್ನು ಒಮ್ಮೆ ನಡೆದವರನ್ನು ಸಾಹಸಿಗಳೆನ್ನಬಹುದು. 1957ರಲ್ಲಿ ಅದನ್ನೇ ಮತ್ತೊಮ್ಮೆ ನಡೆದವರನ್ನು ಏನೆನ್ನಬೇಕೆಂಬುದನ್ನು ಮನೆಯವರೇ ಬಲ್ಲರು.